ನಿಮಗೆ ಇಷ್ಟವಾದ ಹಾಸ್ಯಚಿತ್ರ ನಿರ್ದೇಶಕ ಯಾರು? ಯಾಕೆ?

ಫಣಿ ರಾಮಚಂದ್ರ. ಇನ್ನೊಂದು ಹೆಸರು ಯೋಚಿಸಬೇಕಾದ ಅಗತ್ಯವೇ ನನಗೆ ಬಿದ್ದಿಲ್ಲ.

1990ರ 'ಗಣೇಶನ ಮದುವೆ'ಯನ್ನೇ ನೋಡಿ. ಒಂದೇ ವಠಾರದಲ್ಲಿ ಇರುವ ಗಣೇಶ (ಅನಂತ್ ನಾಗ್), ಆದಿಲಕ್ಷ್ಮಿ (ವಿನಯಾ ಪ್ರಸಾದ್) ಇಬ್ಬರಿಗೂ ಹಾವು-ಮುಂಗುಸಿ ಜಗಳ. ಆದರೆ ಪತ್ರದಲ್ಲಿ ಇಬ್ಬರೂ ಪ್ರೀತಿ ಮಾಡ್ತಿರುತ್ತಾರೆ, ಯಾರು ಯಾರಿಗೆ ಬರೀತಿದ್ದಾರೆ ಅಂತ ಗೊತ್ತಿಲ್ಲದೆ! ನೋಡುವವರಿಗೆ ಗುಟ್ಟು ಗೊತ್ತು, ಅವರಿಗೆ ಗೊತ್ತಿಲ್ಲ. ಅದಕ್ಕೇ ಸುಮ್ನೆ ಬೈಯ್ದಾಡಿದರೂ ನಗು ಬರುತ್ತದೆ. ಅಲ್ಲಿ ಮಾತು ಬೆಂಗಳೂರು ಕಡೆಯದು, ನಮ್ಮ ಕಲಬುರಗಿ ಮಾತಲ್ಲ. ಆದರೂ ಬ್ರಹ್ಮಪುರದ ಹಳೆ ಓಣಿಯಲ್ಲಿ ಬೆಳೆದವರಿಗೆ ಆ ಮನೆ ಮಾಲೀಕ, ಕಿವಿಗೊಡುವ ಪಕ್ಕದ ಮನೆಯವರು ಎಲ್ಲ ಪರಿಚಿತರೇ. ನಮ್ಮಮ್ಮ ಅಂತೂ ಆ ಮಾಲೀಕನನ್ನು ಕಂಡಾಗೆಲ್ಲ "ಇವನ ನೋಡ್ರೀ" ಅಂತ ಟೀವಿಗೇ ಬೈತಾರೆ.

1991ರ 'ಗೌರಿ ಗಣೇಶ' ನನಗೆ ಇನ್ನೂ ಜಾಸ್ತಿ ಇಷ್ಟ. ಸತ್ತುಹೋದ ಗೌರಿಯ ಡೈರಿ ಲಂಬೋದರ ಎಂಬ ಮೋಸಗಾರನ ಕೈಗೆ ಸಿಗುತ್ತದೆ. ಇಲ್ಲದ ಮಗುವಿನ ಕಥೆ ಕಟ್ಟಿ ಮೂವರು ಗಂಡಸರಿಂದ ದುಡ್ಡು ಕೀಳುತ್ತಾನೆ. ಒಂದು ಸುಳ್ಳು ಮುಚ್ಚಲು ಇನ್ನೊಂದು. ಕೇಳಿದರೆ ಕೆಟ್ಟ ಕಥೆ ಅನಿಸುತ್ತೆ ಅಲ್ವಾ? ಆದರೆ ಆ ಗೌರಿಯ ಮರ್ಯಾದೆಗೆ ಚಿತ್ರ ಧಕ್ಕೆ ತರುವುದಿಲ್ಲ. ಹಾಸ್ಯದಲ್ಲಿ ಅಷ್ಟು ಜೋಪಾನ ಮಾಡುವವರು ಕಮ್ಮಿ.

ಅವರ ಆಮೇಲಿನ ಚಿತ್ರಗಳಲ್ಲಿ ಈ ಬಿಗಿ ನನಗೆ ಅಷ್ಟು ಕಾಣಲಿಲ್ಲ. ಮೊದಲ ಸಲ ನೋಡುವವರು 'ಗೌರಿ ಗಣೇಶ'ದಿಂದಲೇ ಶುರು ಮಾಡಿ.