ಐರನ್ ಮಾತ್ರೆ ತಗೊಂಡರೆ ಗರ್ಭಿಣಿಯರಿಗೆ ಶುಗರ್ ಬರುತ್ತಾ?

ನಿಮಗೆ ಈಗ ನಾಲ್ಕು ತಿಂಗಳು. ಹಿಮೋಗ್ಲೋಬಿನ್ 10.1, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಅಂಶ) 9. ಡಾಕ್ಟರ್ ಐರನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಅಷ್ಟರಲ್ಲಿ, ಕಬ್ಬಿಣಾಂಶ ಜಾಸ್ತಿಯಾದರೆ ಬಸುರಿಯಲ್ಲಿ ಸಕ್ಕರೆ ಕಾಯಿಲೆ ಬರುತ್ತದೆ ಅಂತ ಎಲ್ಲೋ ಓದಿದ್ದೀರಿ. ಅಮ್ಮನಿಗೆ ಶುಗರ್ ಇರುವುದರಿಂದ ಭಯ ಇನ್ನೂ ಹೆಚ್ಚಾಗಿದೆ. ಮಾತ್ರೆ ಬಿಟ್ಟುಬಿಡಲಾ ಅಂತ ಕೇಳಿದ್ದೀರಿ.

ಬಿಡಬೇಡಿ. ನಾನು ಡಾಕ್ಟರ್ ಅಲ್ಲ, ರಕ್ತ ಪರೀಕ್ಷೆಯ ಲ್ಯಾಬ್‌ನಲ್ಲಿ ಟೆಕ್ನೀಷಿಯನ್ ಆಗಿ ಕೆಲಸ ಮಾಡುತ್ತೇನೆ. ಔಷಧದ ಬಗ್ಗೆ ಕೊನೆಯ ಮಾತು ನಿಮ್ಮ ಡಾಕ್ಟರದ್ದೇ. ಆದರೆ ಇಂಥ ರಿಪೋರ್ಟ್‌ಗಳು ದಿನಾ ನನ್ನ ಕೈಯಿಂದಲೇ ಹೋಗುತ್ತವೆ. ನೀವು ಓದಿದ ವಿಷಯ ಮತ್ತು ನಿಮ್ಮ ರಿಪೋರ್ಟ್ ಎರಡೂ ಬೇರೆ ಬೇರೆ ದಾರಿಯವು.

ಹಾಗಂತ ಓದಿದ್ದು ಸುಳ್ಳಲ್ಲ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಎರಡನೇ ತ್ರೈಮಾಸಿಕದಲ್ಲಿ ಫೆರಿಟಿನ್ ತುಂಬಾ ಮೇಲಿದ್ದವರಲ್ಲಿ ಮುಂದೆ ಗರ್ಭಾವಸ್ಥೆಯ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಂಡಿತ್ತು. ಅದಕ್ಕೂ ಮೊದಲು, 2011ರಲ್ಲಿ, ಅಲ್ಲಿನ ನರ್ಸ್‌ಗಳ ಆಹಾರದ ಬಗ್ಗೆ ನಡೆದ ಅಧ್ಯಯನದಲ್ಲಿ ಗರ್ಭಿಣಿಯಾಗುವ ಮೊದಲು ಮಾಂಸದಿಂದ ಬರುವ ಕಬ್ಬಿಣಾಂಶ ಹೆಚ್ಚು ತಿನ್ನುತ್ತಿದ್ದವರಲ್ಲೂ ಇದೇ ಕಂಡಿತ್ತು. ಸಸ್ಯಾಹಾರದಲ್ಲಿ ಹೆಚ್ಚಾಗಿರುವ ಬೇರೆ ರೂಪದ ಕಬ್ಬಿಣಾಂಶಕ್ಕೆ ಆ ನಂಟು ಸಿಗಲಿಲ್ಲ. ಕಾರಣವೂ ಊಹಿಸಬಹುದಾದದ್ದೇ. ಮಿತಿಮೀರಿದ ಕಬ್ಬಿಣ ಜೀವಕೋಶಗಳೊಳಗೆ ತೊಂದರೆ ಕೊಡುವ ಆಮ್ಲಜನಕದ ಕಣಗಳನ್ನು ಹುಟ್ಟಿಸುತ್ತದೆ. ಇನ್ಸುಲಿನ್ ತಯಾರಿಸುವ ಕೋಶಗಳಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. ಹಿಮೊಕ್ರೊಮಟೋಸಿಸ್ ಅಂತ ಒಂದು ಆನುವಂಶಿಕ ಕಾಯಿಲೆ ಇದೆ. ಅದರಲ್ಲಿ ದೇಹ ಕಬ್ಬಿಣವನ್ನು ಕೂಡಿಡುತ್ತಲೇ ಹೋಗುತ್ತದೆ, ಆ ರೋಗಿಗಳಲ್ಲಿ ಹಲವರಿಗೆ ಸಕ್ಕರೆ ಕಾಯಿಲೆಯೂ ಬರುತ್ತದೆ.

ಆದರೆ ಇಲ್ಲೊಂದು ಕಿತಾಪತಿ ಇದೆ. ಫೆರಿಟಿನ್ ಕೂಡಿಟ್ಟ ಕಬ್ಬಿಣವನ್ನಷ್ಟೇ ಅಳೆಯುವುದಿಲ್ಲ. ಮೈಯಲ್ಲಿ ಎಲ್ಲೇ ಉರಿಯೂತ ಇದ್ದರೂ, ಸೋಂಕು ಇದ್ದರೂ, ತೂಕ ಜಾಸ್ತಿ ಇದ್ದರೂ, ಲಿವರ್‌ನಲ್ಲಿ ಕೊಬ್ಬು ಸೇರಿದ್ದರೂ ಅದು ಏರುತ್ತದೆ. ಇವುಗಳಲ್ಲಿ ಕೆಲವು ತಾವೇ ಶುಗರ್‌ಗೆ ದಾರಿ ಮಾಡಿಕೊಡುತ್ತವೆ. ಹಾಗಾಗಿ ಫೆರಿಟಿನ್ ಹೆಚ್ಚಿದ್ದವರಿಗೆ ಶುಗರ್ ಬಂತು ಅಂದಾಗ ತಪ್ಪು ಕಬ್ಬಿಣದ್ದಾ, ಅದರ ಹಿಂದಿದ್ದ ತೂಕದ್ದಾ ಅಂತ ಬಿಡಿಸುವುದು ಕಷ್ಟ. ಸುದ್ದಿಯ ತಲೆಬರಹಕ್ಕೆ ಇಷ್ಟೆಲ್ಲ ತಾಳ್ಮೆ ಎಲ್ಲಿರುತ್ತದೆ ಹೇಳಿ.

ಮಾತ್ರೆಯಿಂದಲೇ ಬರುತ್ತಾ ಅನ್ನುವುದನ್ನು ನೇರವಾಗಿ ಪರೀಕ್ಷಿಸಿಯೂ ನೋಡಿದ್ದಾರೆ. ಹಾಂಕಾಂಗ್‌ನಲ್ಲಿ 1,164 ಗರ್ಭಿಣಿಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 60 ಮಿಲಿಗ್ರಾಂ ಕಬ್ಬಿಣ, ಇನ್ನೊಂದಕ್ಕೆ ಔಷಧವಿಲ್ಲದ ಸುಮ್ನೆ ಮಾತ್ರೆ. 28ನೇ ವಾರದಲ್ಲಿ ಶುಗರ್ ಪರೀಕ್ಷೆ ಮಾಡಿದಾಗ ಎರಡು ಗುಂಪಿನಲ್ಲೂ ಸಕ್ಕರೆ ಕಾಯಿಲೆಯ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದು ಪ್ರಕಟವಾಗಿದ್ದು 2009ರಲ್ಲಿ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಹತ್ತಿರದ ಉತ್ತರ ಇದೇ.

ಈಗ ನಿಮ್ಮ ರಿಪೋರ್ಟ್‌ಗೆ ಬರೋಣ. ಎರಡನೇ ತ್ರೈಮಾಸಿಕದಲ್ಲಿ ಹಿಮೋಗ್ಲೋಬಿನ್ 10.5ಕ್ಕಿಂತ ಕೆಳಗಿದ್ದರೆ ರಕ್ತಹೀನತೆ ಅನ್ನುತ್ತಾರೆ. ಈ ಸಮಯದಲ್ಲಿ ರಕ್ತದ ನೀರಿನಂಶ ಹೆಚ್ಚಾಗಿ ಎಲ್ಲರದ್ದೂ ಸ್ವಲ್ಪ ತೆಳುವಾಗುತ್ತದೆ. ಅದಕ್ಕೇ ಮಿತಿಯನ್ನು 11ರಿಂದ 10.5ಕ್ಕೆ ಇಳಿಸಿರುವುದು. ನಿಮ್ಮದು ಅದಕ್ಕೂ ಕೆಳಗಿದೆ. ಇನ್ನು ಫೆರಿಟಿನ್ 15ಕ್ಕಿಂತ ಕಡಿಮೆಯಾದರೆ ಕಬ್ಬಿಣದ ಕಣಜ ಖಾಲಿ ಅಂತಲೇ ಅರ್ಥ. 30ಕ್ಕಿಂತ ಕಡಿಮೆ ಇದ್ದರೂ ಎಷ್ಟೋ ಡಾಕ್ಟರ್‌ಗಳು ಕೊರತೆ ಅಂತಲೇ ಲೆಕ್ಕ ಹಾಕುತ್ತಾರೆ. ನಿಮ್ಮದು 9. ಫೆರಿಟಿನ್ ಸುಮ್ಮಸುಮ್ಮನೆ ಏರಬಹುದು, ಆದರೆ ಇಷ್ಟು ಕೆಳಗೆ ಇಳಿಯುವುದು ಕಬ್ಬಿಣ ಇಲ್ಲದಾಗಲೇ. 9ರಲ್ಲಿರುವವರು ಜಾಸ್ತಿಯಾದೀತು ಅಂತ ಹೆದರುವುದರಲ್ಲಿ ಅರ್ಥವಿಲ್ಲ ಅಲ್ವಾ?

ನಮ್ಮ ಮೇಜಿನ ಮೇಲೆ ಒಂದೇ ದಿನ ಹಿಮೋಗ್ಲೋಬಿನ್ 10.1 ಇರುವ ಎರಡು ಟ್ಯೂಬ್ ಬಂದಿವೆ ಅಂದುಕೊಳ್ಳಿ. ಒಂದರಲ್ಲಿ ಫೆರಿಟಿನ್ 9, ಇನ್ನೊಂದರಲ್ಲಿ 160. ಮೊದಲನೆಯವರಿಗೆ ಕಬ್ಬಿಣ ಬೇಕೇ ಬೇಕು. ಎರಡನೆಯವರಿಗೆ ಥಲಸ್ಸೀಮಿಯಾ ಮೈನರ್ (ಹುಟ್ಟಿನಿಂದಲೇ ಬರುವ, ಹಿಮೋಗ್ಲೋಬಿನ್ ಕಡಿಮೆ ತಯಾರಾಗುವ ಆನುವಂಶಿಕ ತೊಂದರೆ) ಇರಬಹುದು, ಎಲ್ಲೋ ಸೋಂಕಿರಬಹುದು, ಬಿ12 ಕಡಿಮೆ ಇರಬಹುದು. ಅವರಿಗೆ ಮೇಲಿಂದ ಮೇಲೆ ಐರನ್ ಕೊಡುವುದರಿಂದ ಹಿಮೋಗ್ಲೋಬಿನ್ ಏರುವುದಿಲ್ಲ. ಕಬ್ಬಿಣ ಜಾಸ್ತಿಯಾದೀತು ಅನ್ನುವ ಎಚ್ಚರಿಕೆ ಸಲ್ಲಬೇಕಾದ್ದು ಇಂಥವರಿಗೆ. ಹಿಮೋಗ್ಲೋಬಿನ್ ಒಂದನ್ನೇ ನೋಡಿ ತಿಂಗಳುಗಟ್ಟಲೆ ದೊಡ್ಡ ಡೋಸ್ ನುಂಗುವುದಕ್ಕಿಂತ ಒಮ್ಮೆ ಫೆರಿಟಿನ್ ಮಾಡಿಸುವುದು ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ. ನಿಮ್ಮ ಡಾಕ್ಟರ್ ಅದನ್ನು ಆಗಲೇ ಮಾಡಿಸಿದ್ದಾರೆ.

ಒಂದು ಬಸಿರಿಗೆ ಒಟ್ಟು ಸುಮಾರು 1,000 ಮಿಲಿಗ್ರಾಂ ಕಬ್ಬಿಣ ಬೇಕು. ಮಗು ಮತ್ತು ಮಾಸಿಗೆ 300ರಷ್ಟು, ತಾಯಿಯ ಹೆಚ್ಚುವರಿ ರಕ್ತಕ್ಕೆ 450ರಿಂದ 500, ಉಳಿದದ್ದು ದಿನನಿತ್ಯದ ನಷ್ಟಕ್ಕೆ. ಇದರಲ್ಲಿ ಹೆಚ್ಚಿನ ಪಾಲು ಬೇಕಾಗುವುದು ಇನ್ನು ಮುಂದಿನ ತಿಂಗಳುಗಳಲ್ಲೇ. ಕೊರತೆ ಹಾಗೇ ಉಳಿದರೆ ತಿಂಗಳು ತುಂಬುವ ಮೊದಲೇ ಹೆರಿಗೆ, ಮಗುವಿನ ತೂಕ ಕಡಿಮೆ, ಹೆರಿಗೆಯಲ್ಲಿ ರಕ್ತ ಹೋದರೆ ತಡೆದುಕೊಳ್ಳಲಾಗದ ಸ್ಥಿತಿ, ಇವೆಲ್ಲದರ ಅಪಾಯ ಹೆಚ್ಚುತ್ತದೆ.

ಮಾತ್ರೆಯನ್ನು ಊಟಕ್ಕೆ ಒಂದು ಗಂಟೆ ಮೊದಲು ತಗೊಂಡರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ಹೊಟ್ಟೆ ತೊಳಸಿದರೆ ಊಟದ ಜೊತೆಗಾದರೂ ತಗೊಳ್ಳಿ, ನಿಲ್ಲಿಸುವುದಕ್ಕಿಂತ ಅದು ಎಷ್ಟೋ ಮೇಲು. ಚಹಾ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಎಲ್ಲವನ್ನೂ ಒಂದೆರಡು ಗಂಟೆ ದೂರ ಇಡಿ. ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ. ತುಂಬಾ ಮಲಬದ್ಧತೆಯಾದರೆ ಡಾಕ್ಟರಿಗೆ ಹೇಳಿ. ಬೇರೆ ಮಾತ್ರೆ ಕೊಡುತ್ತಾರೆ, ಇಲ್ಲವೇ ದಿನ ಬಿಟ್ಟು ದಿನ ತಗೊಳ್ಳಲು ಹೇಳಬಹುದು. ಅದಕ್ಕೂ ಕಾರಣವಿದೆ. ಒಂದು ಡೋಸ್ ಒಳಗೆ ಹೋದ ಮೇಲೆ ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಏರಿ, ಸುಮಾರು ಒಂದು ದಿನದ ಮಟ್ಟಿಗೆ ಮುಂದಿನ ಡೋಸ್ ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ. ಎರಡು ಪಟ್ಟು ನುಂಗಿದರೆ ಎರಡು ಪಟ್ಟು ಸೇರುವುದಿಲ್ಲ.

ಶುಗರ್ ಬಗ್ಗೆ ಎಚ್ಚರ ಬೇಕೇ ಬೇಕು, ಅದು ಅಮ್ಮನ ಕಾರಣಕ್ಕೆ. ಎಲ್ಲ ಗರ್ಭಿಣಿಯರಿಗೂ ಸಾಮಾನ್ಯವಾಗಿ 24ರಿಂದ 28ನೇ ವಾರದೊಳಗೆ ಗ್ಲೂಕೋಸ್ ನೀರು ಕುಡಿಸಿ ಪರೀಕ್ಷೆ ಮಾಡುತ್ತಾರೆ. ಮನೆಯಲ್ಲಿ ಹತ್ತಿರದವರಿಗೆ ಶುಗರ್ ಇದ್ದರೆ ಅದಕ್ಕೂ ಮುಂಚೆಯೇ ಒಮ್ಮೆ ಮಾಡಿಸುವುದುಂಟು, ಕೇಳಿನೋಡಿ. ಮೊದಲಿನದು ನಾರ್ಮಲ್ ಬಂದರೂ 24ನೇ ವಾರದ್ದನ್ನು ತಪ್ಪಿಸಬೇಡಿ. ಮಾಸಿನ ಹಾರ್ಮೋನ್‌ಗಳು ಇನ್ಸುಲಿನ್‌ಗೆ ಅಡ್ಡಿಯಾಗುವುದು ಆಮೇಲೆಯೇ ಹೆಚ್ಚು.

ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ, ಅದೊಂದನ್ನೇ ನಂಬಿ ಕೂರಬೇಡಿ. ಕಬ್ಬಿಣದ ಕೊರತೆಯಿದ್ದಾಗ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಬಸಿರಿನಲ್ಲಿ ಕೆಂಪು ರಕ್ತಕಣಗಳು ಬೇಗ ಬೇಗ ಬದಲಾಗುವುದರಿಂದ ಕಡಿಮೆಯೂ ತೋರಿಸಬಹುದು. ನಿಮ್ಮ ವಿಷಯದಲ್ಲಿ ಎರಡೂ ಸೇರಿಕೊಂಡಿವೆ. ಗ್ಲೂಕೋಸ್ ನೀರಿನ ಪರೀಕ್ಷೆಯೇ ಸರಿ. ಕುಡಿದ ಮೇಲೆ ವಾಂತಿಯಾದರೆ ಮುಚ್ಚಿಡದೆ ಲ್ಯಾಬ್‌ನವರಿಗೆ ಹೇಳಿ. ಆ ಪರೀಕ್ಷೆ ಲೆಕ್ಕಕ್ಕಿಲ್ಲ, ಇನ್ನೊಂದು ದಿನ ಮಾಡಬೇಕಾಗುತ್ತದೆ.

ಮಾತ್ರೆ ಶುರುವಾಗಿ ಎರಡು ಮೂರು ವಾರಕ್ಕೆ ಹಿಮೋಗ್ಲೋಬಿನ್ ಮತ್ತೆ ನೋಡುತ್ತಾರೆ. ಅಷ್ಟರಲ್ಲಿ ಏರಲು ಶುರುವಾಗಿರಬೇಕು. ಸರಿಯಾಗಿ ತಗೊಂಡೂ ಜಗ್ಗದಿದ್ದರೆ ಬೇರೆ ಕಾರಣ ಹುಡುಕಬೇಕು, ಅಥವಾ ಡ್ರಿಪ್ ಮೂಲಕ ಕಬ್ಬಿಣ ಕೊಡುವ ಯೋಚನೆ ಮಾಡಬೇಕು. ಮತ್ತೆ ಐರನ್ ಪರೀಕ್ಷೆಗೆ ರಕ್ತ ಕೊಡಲು ಬರುವ ದಿನ ಬೆಳಗಿನ ಮಾತ್ರೆ ನುಂಗಿ ಬರಬೇಡಿ. ಫೆರಿಟಿನ್‌ಗೆ ಅದರಿಂದ ತೊಂದರೆಯಿಲ್ಲ, ಸೀರಂ ಐರನ್ (ರಕ್ತದಲ್ಲಿ ಆ ಹೊತ್ತಿಗೆ ಓಡಾಡುತ್ತಿರುವ ಕಬ್ಬಿಣ) ಮಾತ್ರ ಸುಳ್ಳೇ ಮೇಲೆ ತೋರಿಸಿಬಿಡುತ್ತದೆ.