ಪಗಾರ ಆಮೇಲೆ, ರಾತ್ರಿ ಪಾಳಿಯಲ್ಲಿ ಎಷ್ಟು ಜನ ಅಂತ ಮೊದಲು ಕೇಳು

ತಂಗಿ, ಅಮೆರಿಕದಲ್ಲಿ ನರ್ಸ್ ಲೈಸೆನ್ಸ್‌ಗೆ ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಿದೆ, ಟೆಕ್ಸಾಸ್‌ನ ಒಂದು ನರ್ಸಿಂಗ್ ಹೋಮ್‌ನಿಂದ ಆಫರ್ ಬಂದಿದೆ, ಏಜೆನ್ಸಿಯವರು ಮೂರು ವರ್ಷದ ಕರಾರಿಗೆ ಸಹಿ ಕೇಳುತ್ತಿದ್ದಾರೆ, ಪಗಾರ ಸರಿ ಇದೆಯಾ ಅಂತ ಕೇಳಿದ್ದೀಯ. ಪಗಾರ ಪರವಾಗಿಲ್ಲ. ಆದರೆ ರಾತ್ರಿ ಪಾಳಿಯಲ್ಲಿ ನಿನಗೆ ಎಷ್ಟು ಜನರನ್ನು ಒಪ್ಪಿಸುತ್ತಾರೆ, ಜೊತೆಗೆ ಎಷ್ಟು ಆಯಾಗಳು ಇರುತ್ತಾರೆ, ಅದನ್ನು ಕೇಳಿದೆಯಾ?

ಇದು ಆಪರೇಷನ್ ಮಾಡಿ ನಾಲ್ಕು ದಿನಕ್ಕೆ ಮನೆಗೆ ಕಳಿಸುವ ಜಾಗ ಅಲ್ಲ. ವಯಸ್ಸಾದವರು ವರ್ಷಗಟ್ಟಲೆ ಅಲ್ಲೇ ಇರುತ್ತಾರೆ. ಹುಬ್ಬಳ್ಳಿಯಲ್ಲಿ ನೀನು ನೋಡಿದ ವಾರ್ಡಿನಲ್ಲಿ ಹಾಸಿಗೆಗೊಬ್ಬರು ಮನೆಯವರು ಇದ್ದೇ ಇರುತ್ತಾರೆ. ಕುಂದಗೋಳದಿಂದ ಬಂದ ಮಗಳು ಅವ್ವನಿಗೆ ಗಂಜಿ ಕುಡಿಸುತ್ತಾಳೆ, ಮಗ್ಗುಲು ಹೊರಳಿಸುತ್ತಾಳೆ, ಸಲೈನ್ ಮುಗಿಯುತ್ತಾ ಬಂತು ಸಿಸ್ಟರ್ ಅಂತ ಓಡಿ ಬರುತ್ತಾಳೆ. ನಾನು ಗದಗಿನಲ್ಲಿ ಕೆಲಸ ಮಾಡುವಾಗ ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಇಲ್ಲಿ ಅಮೆರಿಕದಲ್ಲಿ ಆ ಮಗಳು ಇಲ್ಲ. ಅವಳ ಕೆಲಸವೆಲ್ಲ ಆಯಾಗಳದ್ದು, ಇಲ್ಲಿ ಅವರನ್ನು ಸಿಎನ್ಎ ಅನ್ನುತ್ತಾರೆ. ಅವರು ಕಡಿಮೆ ಬಿದ್ದ ರಾತ್ರಿ ನಿನ್ನ ಪಾಡು ಕೇಳಬೇಡ. ಮಾತ್ರೆ ಗಾಡಿ ತಳ್ಳಿಕೊಂಡು ಹೊರಟಿರುತ್ತೀಯ, ನುಂಗಲಾಗದ ಅಜ್ಜನಿಗೆ ಮಾತ್ರೆ ಪುಡಿ ಮಾಡಿ ಆಪಲ್ ಸಾಸ್‌ನಲ್ಲಿ ಕಲಸುತ್ತಿರುತ್ತೀಯ, ಅಷ್ಟರಲ್ಲಿ ಮೂರು ಬಾಗಿಲ ಮೇಲೆ ಕರೆಯುವ ದೀಪ ಹತ್ತಿರುತ್ತದೆ, ಕಾದು ಸಾಕಾದ ಅಜ್ಜಿ ತಾನೇ ಎದ್ದು ಬಾತ್‌ರೂಮಿಗೆ ಹೊರಟು ಬೀಳುತ್ತಾಳೆ. ಹೊತ್ತಿಗೆ ಸರಿಯಾಗಿ ಹೊರಳಿಸದೆ ಬಿಟ್ಟವರಿಗೆ ಸೊಂಟದ ಹತ್ತಿರ ಹುಣ್ಣು. ಚಾರ್ಟಿನಲ್ಲಿ ಸಹಿ ಮಾತ್ರ ನಿನ್ನದು.

ಇದಕ್ಕೆ ಕಾನೂನು ಇಲ್ವಾ? ಇದೆ, ಸಡಿಲವಾಗಿದೆ. 1987ರ ಫೆಡರಲ್, ಅಂದರೆ ಇಡೀ ದೇಶದ, ಕಾನೂನಿನ ಪ್ರಕಾರ ದಿನಕ್ಕೆ ಸತತ 8 ತಾಸು ಒಬ್ಬ ಆರ್‌ಎನ್ (ರಿಜಿಸ್ಟರ್ಡ್ ನರ್ಸ್), 24 ತಾಸೂ ಲೈಸೆನ್ಸ್ ಇರುವ ಒಬ್ಬ ನರ್ಸ್, ಉಳಿದದ್ದು ‘ಸಾಕಷ್ಟು’ ಸಿಬ್ಬಂದಿ. ಸಾಕಷ್ಟು ಅಂದರೆ ಮಾಲೀಕನಿಗೆ ಸಾಕು ಅನಿಸಿದಷ್ಟು! 2024ರ ಮೇ ತಿಂಗಳಲ್ಲಿ ಬೈಡನ್ ಸರ್ಕಾರ ಹೊಸ ನಿಯಮ ತಂದಿತ್ತು. ಒಬ್ಬೊಬ್ಬರಿಗೆ ದಿನಕ್ಕೆ 3.48 ತಾಸು ಆರೈಕೆ, ಅದರಲ್ಲಿ ಆರ್‌ಎನ್ 0.55, ಆಯಾ 2.45, ಮತ್ತೆ 24 ತಾಸೂ ಆರ್‌ಎನ್ ಅಲ್ಲೇ ಇರಬೇಕು. ನೂರು ಜನ ಇರುವ ಕಡೆ ಪಾಳಿಗೆ ಹತ್ತು ಆಯಾಗಳು, ಎರಡು ಮೂರು ಆರ್‌ಎನ್ ಅಂತ ಲೆಕ್ಕ ಹಿಡಿ. ಪೂರ್ತಿ ಜಾರಿಗೆ ಬರುವ ಮೊದಲೇ ಅದು ಹೋಯ್ತು. 2025ರ ಏಪ್ರಿಲ್‌ನಲ್ಲಿ ಕೋರ್ಟು ರದ್ದು ಮಾಡಿತು, ಅದೂ ಟೆಕ್ಸಾಸ್‌ನ ಫೆಡರಲ್ ಕೋರ್ಟು. ಜುಲೈನಲ್ಲಿ ಟ್ರಂಪ್ ಸಹಿ ಹಾಕಿದ ದೊಡ್ಡ ಬಜೆಟ್ ಕಾನೂನು 2034ರವರೆಗೆ ಅದನ್ನು ಜಾರಿ ಮಾಡುವ ಹಾಗಿಲ್ಲ ಅಂದಿತು. ನರ್ಸ್‌ಗಳೇ ಸಿಗುವುದಿಲ್ಲ, ಹಳ್ಳಿ ಕಡೆಯವು ಮುಚ್ಚಬೇಕಾಗುತ್ತದೆ ಅಂತ ಮಾಲೀಕರ ವಾದ. ಪೂರ್ತಿ ಸುಳ್ಳಲ್ಲ, ನಿನ್ನನ್ನು ಹುಬ್ಬಳ್ಳಿಯಿಂದ ಕರೆಸುತ್ತಿರುವುದೂ ಅದಕ್ಕೇ ಅಲ್ವಾ? ಆದರೆ ಬಂದವರು ಯಾಕೆ ನಿಲ್ಲುವುದಿಲ್ಲ ಅನ್ನುವುದನ್ನು ಅವರು ಹೇಳುವುದಿಲ್ಲ.

ಕೆಲವು ರಾಜ್ಯಗಳಿಗೆ ತಮ್ಮದೇ ಲೆಕ್ಕ ಇದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಎರಡರಲ್ಲೂ 3.5 ತಾಸು. ಹಾಗಂತ ಎಲ್ಲ ಕಡೆ ಪಾಲಿಸುತ್ತಾರೆ ಅಂತ ನಂಬಬೇಡ.

ಈಗ ಮಾಡಬೇಕಾದ್ದು. ಮೆಡಿಕೇರ್ ಅಂದರೆ ಇಲ್ಲಿ ವಯಸ್ಸಾದವರಿಗೆ ಸರ್ಕಾರದ ಆರೋಗ್ಯ ವಿಮೆ, ಅವರ ಕೇರ್ ಕಂಪೇರ್ ಅಂತ ವೆಬ್‌ಸೈಟ್ ಇದೆ, ಪುಕ್ಕಟೆ, ಅದನ್ನು ನೋಡು. ಆ ಜಾಗದ ಹೆಸರು ಹಾಕಿದರೆ ಒಬ್ಬೊಬ್ಬರಿಗೆ ಎಷ್ಟು ತಾಸು ಆರೈಕೆ ಸಿಗುತ್ತಿದೆ ಅಂತ ಬರುತ್ತದೆ. ಅದು ಪಗಾರದ ದಾಖಲೆಯಿಂದ ತೆಗೆದ ಲೆಕ್ಕ, ಬಾಯಿ ಮಾತಲ್ಲ. ಒಟ್ಟು ಸ್ಟಾರ್ ನೋಡಿ ಖುಷಿ ಪಡಬೇಡ. ಶನಿವಾರ ಭಾನುವಾರದ ಲೆಕ್ಕ ಬೇರೆ ಇರುತ್ತದೆ, ಅದನ್ನು ನೋಡು. ವರ್ಷದಲ್ಲಿ ಎಷ್ಟು ಸಿಬ್ಬಂದಿ ಬಿಟ್ಟು ಹೋದರು ಅಂತಲೂ ಇರುತ್ತದೆ, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಜಾಸ್ತಿ ಹೇಳುತ್ತದೆ. ಪ್ರತಿ ಪಾಳಿಗೆ ಎಷ್ಟು ಸಿಬ್ಬಂದಿ ಅಂತ ದಿನಾ ಬೋರ್ಡ್ ಹಾಕಬೇಕು ಅಂತ ಇಲ್ಲಿ ನಿಯಮ. ನಿನ್ನೆಯ ಬೋರ್ಡಿನ ಫೋಟೋ ಕಳಿಸಿ ಅಂತ ಏಜೆನ್ಸಿಯವರಿಗೆ ಮೇಲ್ ಹಾಕು. ತಡವರಿಸಿದರೆ ಅಲ್ಲೇ ಗೊತ್ತಾಯಿತು.

ಟೆಕ್ಸಾಸ್‌ನಲ್ಲಿ ನರ್ಸ್‌ಗೆ ಒಂದು ಅನುಕೂಲ ಉಂಟು, ಸೇಫ್ ಹಾರ್ಬರ್ ಅಂತ. ಒಪ್ಪಿಸಿದ ಕೆಲಸ ರೋಗಿಗಳಿಗೆ ಅಪಾಯ ಅನಿಸಿದರೆ, ಕೆಲಸ ವಹಿಸಿಕೊಳ್ಳುವ ಮೊದಲೇ ಸೂಪರ್‌ವೈಸರ್‌ಗೆ ಬರೆದು ಕೊಡಬೇಕು. ಪಾಳಿಯ ಮಧ್ಯೆ ಕೆಲಸ ಬದಲಾದರೆ ಆಗಲೂ ಕೊಡಬಹುದು, ಪಾಳಿ ಮುಗಿದ ಮೇಲೆ ಬರೆದರೆ ನಡೆಯುವುದಿಲ್ಲ. ಲೈಸೆನ್ಸ್ ಉಳಿಸಿಕೊಳ್ಳುವುದಕ್ಕೆ ಅದು.

ಕರಾರು ಮುರಿದರೆ ಎಷ್ಟು ಕಟ್ಟಬೇಕು ಅನ್ನುವ ಪುಟ ಮತ್ತು ಆ ನರ್ಸಿಂಗ್ ಹೋಮಿನ ಹೆಸರು ನನಗೆ ಕಳಿಸು, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಸುಮ್ನೆ ಸಹಿ ಹಾಕಬೇಡ, ಅವರು ನಾಳೆಯೇ ಕೊನೇ ದಿನ ಅಂತ ಎಷ್ಟೇ ಹೇಳಿದರೂ.