ಓದುಗರ ಪತ್ರ, ಅಕ್ಕನ ಉತ್ತರ: ಎವೊರಾದಲ್ಲಿ ಒಂದು ರಾತ್ರಿಯಾದರೂ ಉಳಿಯಿರಿ

ಪೋರ್ಚುಗಲ್‌ನ ಒಳನಾಡಿನ ಊರು ಎವೊರಾ ಬಗ್ಗೆ ಎರಡು ಸಂಚಿಕೆ ಹಿಂದೆ ಇದೇ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಪತ್ರಗಳು ಇಷ್ಟು ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ವೀಸಾ ಬಗ್ಗೆ ಕೇಳಿದವರು ಬೇಸರ ಮಾಡಿಕೊಳ್ಳಬೇಡಿ. ನಮ್ಮ ಅರ್ಜಿ ತುಂಬಿದ್ದೇ ಮಗಳು, ನನಗೆ ಅದರ ತಲೆಬುಡ ಗೊತ್ತಿಲ್ಲ.

ಪ್ರಶ್ನೆ: ಅಕ್ಕಾ, ನನಗೆ 67, ನಮ್ಮವಳಿಗೆ 62. ಮಗ ಲಿಸ್ಬನ್‌ನಲ್ಲಿದ್ದಾನೆ, ಏಪ್ರಿಲ್‌ನಲ್ಲಿ ಹೋಗುತ್ತಿದ್ದೇವೆ. "ಎವೊರಾ ಒಂದು ದಿನಕ್ಕೆ ಸಾಕು, ಬೆಳಗ್ಗೆ ಹೋಗಿ ಸಂಜೆ ಬಂದ್ರಾಯ್ತು" ಅಂತಾನೆ. ನೀವೇನಂತೀರಿ? (ಓದುಗರು, ಸಾಗರ)

ಮಗನ ಲೆಕ್ಕ ತಪ್ಪಲ್ಲ. ಆದರೆ ಕೇಳಬೇಡಿ.

ನಾವೂ ಒಂದೇ ದಿನಕ್ಕೆ ಅಂತ ಹೋದವರು. ಲಿಸ್ಬನ್‌ನಿಂದ ಪೂರ್ವಕ್ಕೆ ಸುಮಾರು 130 ಕಿಲೋಮೀಟರ್. ರೈಲಿನಲ್ಲಿ ಒಂದೂವರೆ ಗಂಟೆ. ಓರಿಯೆಂಟ್ ಅಥವಾ ಎಂಟ್ರೆಕಾಂಪುಸ್ ನಿಲ್ದಾಣದಲ್ಲಿ ಹತ್ತಬಹುದು. ಕಿಟಕಿ ಪಕ್ಕ ಕೂತುಕೊಳ್ಳಿ. ಸ್ವಲ್ಪ ಹೊತ್ತಿಗೇ ರೈಲು ತೇಜು ನದಿಯ ಮೇಲಿನ ಎತ್ತರದ ಕೆಂಪು ಸೇತುವೆ ದಾಟುತ್ತದೆ. 65 ದಾಟಿದವರಿಗೆ ಅರ್ಧ ಟಿಕೆಟ್. ನಿಮಗೆ ಸಿಗುತ್ತದೆ, ನಿಮ್ಮವರಿಗೆ ಸಿಗುವುದಿಲ್ಲ. ಪಾಸ್‌ಪೋರ್ಟ್ ಜೊತೆಗಿರಲಿ. ಆದರೆ ದಿನಕ್ಕೆ ಇರುವುದು ಕೆಲವೇ ರೈಲು. ಸಾಗರದಿಂದ ಶಿವಮೊಗ್ಗಕ್ಕೆ ಹೋದಂತೆ "ಇದು ಹೋದರೆ ಇನ್ನೊಂದು" ಅನ್ನುವ ಹಾಗಿಲ್ಲ. ಸೆಟೆ ರಿಯೊಸ್ ಬಸ್ ನಿಲ್ದಾಣದಿಂದ ಬಸ್ಸುಗಳು ಜಾಸ್ತಿ ಇವೆ.

ನಮಗೆ ಸಂಜೆಯ ರೈಲು ತಪ್ಪಿತು. ಕಾರಣ ನಮ್ಮವರು. ಧಾರವಾಡ ಕಡೆಯವರು, ಪಿಡಬ್ಲ್ಯುಡಿಯಲ್ಲಿ ಇದ್ದು ನಿವೃತ್ತರಾದವರು. ಕಮಾನು ಕಂಡರೆ ಕಾಲು ಮುಂದೆ ಹೋಗುವುದಿಲ್ಲ. ಎವೊರಾಗೆ ನೀರು ತರಲು 1531ರಿಂದ 1537ರವರೆಗೆ ಕಟ್ಟಿದ ಕಲ್ಲಿನ ಮೇಲ್ಗಾಲುವೆ ಇದೆ. ಹತ್ತಿರ ಹತ್ತಿರ 18 ಕಿಲೋಮೀಟರ್ ಉದ್ದ. "ಬೆಳ್ಳಿ ನೀರಿನ ಕಾಲುವೆ" ಅಂತ ಹೆಸರು. ಊರ ಹೊರಗೆ ಅದು ಬಯಲಿನಲ್ಲಿ ಎತ್ತರವಾಗಿ ನಡೆದುಬರುತ್ತದೆ. ಊರೊಳಗೆ ಬರುತ್ತಾ ಬರುತ್ತಾ ತಗ್ಗಾಗುತ್ತದೆ. ಅಲ್ಲಿ ಜನ ಏನು ಮಾಡಿದ್ದಾರೆ ಗೊತ್ತಾ? ಕಂಬ-ಕಂಬದ ನಡುವೆ ಗೋಡೆ ಎಬ್ಬಿಸಿ ಮನೆ ಕಟ್ಟಿಕೊಂಡಿದ್ದಾರೆ. ಎರಡು ಪಕ್ಕದ ಗೋಡೆ, ಮೇಲಿನ ಕಮಾನು ಎರಡೂ ಪುಕ್ಕಟೆ! ಬೀದಿಯ ಹೆಸರು ರುವಾ ದು ಕಾನು, ಅಂದರೆ ಕೊಳವೆ ಬೀದಿ. ಒಂದು ಮನೆಯ ಬಾಗಿಲು ನನ್ನ ತಲೆಗಿಂತ ನಾಲ್ಕು ಬೆರಳು ಎತ್ತರ ಇರಬಹುದು. ಸುಣ್ಣ ಬಳಿದ ಗೋಡೆ, ಅಂಚಿಗೆ ಹಳದಿ ಪಟ್ಟಿ. ಮೇಲೆ ಕಮಾನಿನ ಬಾಗಿಗೆ ಸರಿಯಾಗಿ ಕೂರಿಸಿದ ಸಣ್ಣ ಕಿಟಕಿ, ಅದರ ಹಗ್ಗದಲ್ಲಿ ಎರಡು ಕಾಲುಚೀಲ ಒಣಗುತ್ತಿದ್ದವು. ನಮ್ಮವರು ಕಲ್ಲಿನ ಸಂದಿ ಸಂದಿಯನ್ನೂ ಬೆರಳಲ್ಲಿ ಸವರಿ ನೋಡಿದರು. ಗಡಿಯಾರ ನೋಡುವಾಗ ರೈಲು ಹೊರಡಲು ಏಳು ನಿಮಿಷ. ನಿಲ್ದಾಣ ಇರುವುದು ಊರ ಸುತ್ತಿನ ಕೋಟೆಯ ಹೊರಗೆ, ಅಲ್ಲಿಂದ ಅರ್ಧ ಗಂಟೆ ದಾರಿ. ಮುಗೀತು ಕಥೆ.

ನಾನು ಕೂಗಾಡಿದೆ, ಸುಳ್ಳೇಕೆ ಹೇಳಲಿ. ಕೋಟೆಯೊಳಗೇ ಒಂದು ಕೋಣೆ ಸಿಕ್ಕಿತು. ಆದರೆ ಆ ರಾತ್ರಿ ಸಿಗದೇ ಹೋಗಿದ್ದರೆ ಈ ಅಂಕಣದಲ್ಲಿ ಎವೊರಾ ಹೆಸರೇ ಬರುತ್ತಿರಲಿಲ್ಲ. ಸಂಜೆಯಾಗುತ್ತಲೇ ಪ್ರವಾಸಿ ಬಸ್ಸುಗಳು ಜನರನ್ನು ತುಂಬಿಕೊಂಡು ಹೊರಟುಹೋಗುತ್ತವೆ. ಊರು ಊರಿನವರಿಗೆ ವಾಪಸ್ ಸಿಗುತ್ತದೆ. ರೋಮನ್ನರ ದೇವಸ್ಥಾನಕ್ಕೆ ದೀಪ ಹಾಕಿದ್ದರು. ಹಗಲು ಅಲ್ಲಿ ಫೋಟೊ ತೆಗೆಯಲು ನೂಕುನುಗ್ಗಲು, ರಾತ್ರಿ ನಾವಿಬ್ಬರು, ಒಂದು ನಾಯಿ, ಕಪ್ಪು ನಿಲುವಂಗಿ ಹೊದ್ದ ನಾಲ್ಕು ಕಾಲೇಜು ಮಕ್ಕಳು.

ಆ ದೇವಸ್ಥಾನದ ಕಥೆಯೂ ಕಾಲುವೆ ಮನೆಗಳ ಕಥೆಯಂಥದ್ದೇ. ಕಟ್ಟಿದ್ದು ಒಂದನೇ ಶತಮಾನದಲ್ಲಿ. ಡಯಾನಾ ದೇವಿಯ ಗುಡಿ ಅಂತ ಹೆಸರು ಬಿದ್ದಿದೆ, ಆದರೆ ರೋಮ್ ಚಕ್ರವರ್ತಿಯ ಪೂಜೆಗೆ ಕಟ್ಟಿದ್ದು ಅನ್ನುತ್ತಾರೆ ತಿಳಿದವರು. ಈಗ 14 ಕಂಬ ನಿಂತಿವೆ. ಕಂಬದ ಮೈ ಗ್ರಾನೈಟ್, ಒರಟು, ಕೈಗೆ ತರಿತರಿ ಕಾಣುತ್ತದೆ. ತಲೆ ಮಾತ್ರ ಅಮೃತಶಿಲೆ, ಎಲೆ ಎಲೆಯಾಗಿ ಕೆತ್ತಿದ್ದಾರೆ. ಎರಡು ಸಾವಿರ ವರ್ಷ ಇದು ಹೇಗೆ ಉಳಿಯಿತು? ಮಧ್ಯಯುಗದಲ್ಲಿ ಕಂಬಗಳ ನಡುವೆ ಗೋಡೆ ಎಬ್ಬಿಸಿದ್ದರು. ಆಮೇಲೆ 1836ರವರೆಗೂ ಅಲ್ಲಿ ಮಾಂಸದ ಅಂಗಡಿ ನಡೆಯಿತು! ಗೋಡೆ ಇದ್ದದ್ದರಿಂದ ಕಂಬ ಬೀಳಲಿಲ್ಲ. 1870ರ ಸುಮಾರಿಗೆ ಗೋಡೆ ಕಿತ್ತು ಕಂಬಗಳನ್ನು ಹೊರಗೆ ತಂದರು. ಪೂಜೆ ಉಳಿಸದ ಗುಡಿಯನ್ನು ಕಟುಕರ ಕತ್ತಿ ಉಳಿಸಿತು ಅಂತ ನಮ್ಮವರು ಅವತ್ತು ಹತ್ತು ಸಲ ಹೇಳಿದರು.

ಕಾಲಿನ ವಿಷಯ: ಬೀದಿಗಳೆಲ್ಲ ಕಲ್ಲು ಹಾಸು, ಏರು-ಇಳಿವು. ಚಪ್ಪಲಿ ಬೇಡ, ರಬ್ಬರ್ ಅಟ್ಟೆಯ ಶೂ ಹಾಕಿ. ಏಪ್ರಿಲ್ ಒಳ್ಳೆಯ ಆಯ್ಕೆ. ಜುಲೈ-ಆಗಸ್ಟ್‌ನಲ್ಲಿ ಎವೊರಾ ಇರುವ ಅಲೆಂತೇಜು ಸೀಮೆಯ ಬಿಸಿಲು 40 ಡಿಗ್ರಿ ದಾಟುವುದುಂಟು, ರಾಯಚೂರೇ ಮೇಲು ಅನಿಸುತ್ತದೆ.

ಪ್ರಶ್ನೆ: ಮೂಳೆಗಳ ಪ್ರಾರ್ಥನಾ ಮಂದಿರಕ್ಕೆ ಎಂಟು ವರ್ಷದ ಮಗಳನ್ನು ಕರೆದುಕೊಂಡು ಹೋಗಬಹುದಾ? ರಾತ್ರಿ ಹೆದರಿಕೊಂಡರೆ? (ಓದುಗಿ, ಬೆಂಗಳೂರು)

ನಿಮ್ಮ ಮಗಳು ಹೆದರುವುದಿಲ್ಲ, ನೀವು ಹೆದರಬಹುದು.

ಸಾವೊ ಫ್ರಾನ್ಸಿಸ್ಕು ಚರ್ಚಿನ ಪಕ್ಕದ ಕೋಣೆ ಅದು. ನಾಲ್ಕು ನೂರು ವರ್ಷದ ಹಿಂದಿನ ಮಾತು. ಊರಿನ ಸ್ಮಶಾನಗಳು ತುಂಬಿಹೋಗಿದ್ದವು. ಫ್ರಾನ್ಸಿಸ್ಕನ್ ಸನ್ಯಾಸಿಗಳು ಹಳೆ ಗೋರಿ ಅಗೆದು ಮೂಳೆ ತಂದು ಗೋಡೆ-ಕಂಬಗಳಿಗೆ ಗಾರೆಯಲ್ಲಿ ಕೂರಿಸಿದರು. ಸುಮಾರು 5,000 ಜನರ ಮೂಳೆ ಅಂತ ಲೆಕ್ಕ. ನಾನು ಒಂದು ಕಂಬದ ಹತ್ತಿರ ಹೋಗಿ ನೋಡಿದೆ. ತೊಡೆ ಮೂಳೆಗಳನ್ನು ಸೌದೆ ಒಟ್ಟಿದಂತೆ ಒಟ್ಟಿ, ಗುಂಡನೆಯ ತುದಿ ಮಾತ್ರ ಹೊರಗೆ ಕಾಣುವಂತೆ ಇಟ್ಟಿದ್ದಾರೆ. ನಡುನಡುವೆ ಬುರುಡೆಗಳ ಸಾಲು. ಎರಡು ನಿಮಿಷ ಮೈ ಜುಂ ಅಂದಿತು. ಆಮೇಲೆ "ಈ ಸಾಲು ಸೊಟ್ಟಗಾಗಿದೆಯಲ್ಲ" ಅಂತ ನೋಡತೊಡಗಿದೆ. ಮನುಷ್ಯನ ಮನಸ್ಸು ಎಷ್ಟು ಬೇಗ ಒಗ್ಗಿಕೊಳ್ಳುತ್ತದೆ ನೋಡಿ.

ಬಾಗಿಲ ಮೇಲೆ ಪೋರ್ಚುಗೀಸಿನಲ್ಲಿ ಒಂದು ಸಾಲು ಇದೆ: "ಇಲ್ಲಿರುವ ಮೂಳೆಗಳು ನಾವು, ನಿಮ್ಮವಕ್ಕಾಗಿ ಕಾಯುತ್ತಿದ್ದೇವೆ." ಅವರ ಭಾಷೆಯಲ್ಲಿ ಅದಕ್ಕೆ ಪ್ರಾಸ ಬೇರೆ ಇದೆ, ಇಶ್ತಾಮುಶ್, ಇಶ್ಪೆರಾಮುಶ್ ಅಂತ. ನಮ್ಮ ಗುಂಪಿನಲ್ಲಿದ್ದ ಒಬ್ಬ ಹುಡುಗ ಅದನ್ನು ಹಾಡಿನ ಹಾಗೆ ಹೇಳಿಕೊಂಡು ಓಡಾಡುತ್ತಿದ್ದ. ಹೆದರಿದ್ದು ಅವನ ಅಮ್ಮ.

ಒಂದು ಎಚ್ಚರಿಕೆ. ಒಣಗಿದ ಎರಡು ಶವಗಳೂ ಅಲ್ಲಿವೆ, ಅದರಲ್ಲೊಂದು ಮಗುವಿನದು. ಮಗಳಿಗೆ ಮೊದಲೇ ಹೇಳಿರಿ, ಇಲ್ಲವೇ ಆ ಕಡೆ ಕರೆದೊಯ್ಯಬೇಡಿ. ಟಿಕೆಟ್‌ನಲ್ಲೇ ಮೇಲಿನ ಮಹಡಿಗೂ ಹೋಗಬಹುದು. ಅಲ್ಲಿ ಬಾಲ ಯೇಸುವಿನ ಗೋದಲಿಗಳ ದೊಡ್ಡ ಸಂಗ್ರಹವಿದೆ, ಮಣ್ಣಿನವು, ಮರದವು, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣವು. ದಸರಾ ಗೊಂಬೆ ಕೂರಿಸುವ ಮನೆಯ ಮಗುವಾದರೆ ಅಲ್ಲಿಂದ ಏಳಿಸುವುದೇ ಕಷ್ಟ.

ಪ್ರಶ್ನೆ: ನಾವು ಮೊಟ್ಟೆಯೂ ತಿನ್ನುವುದಿಲ್ಲ. ಅಲ್ಲಿ ಊಟಕ್ಕೆ ಏನು ಗತಿ? (ಓದುಗರು, ತುಮಕೂರು)

ಕಷ್ಟ ಇದೆ, ಉಪವಾಸ ಇಲ್ಲ.

ಅಲೆಂತೇಜು ಅಂದರೆ ಹಂದಿಮಾಂಸದ ಸೀಮೆ. ಆದರೆ ಬಡವರ ಸೀಮೆಯೂ ಆಗಿತ್ತು, ಹಾಗಾಗಿ ಹಳೆ ರೊಟ್ಟಿಯ ಅಡುಗೆ ಬೇಕಾದಷ್ಟಿದೆ. ಅಸೋರ್ದ ಅಂತ ಒಂದು ಮಾಡುತ್ತಾರೆ. ಬೆಳ್ಳುಳ್ಳಿ, ಉಪ್ಪು, ಒಂದು ಹಿಡಿ ಕೊತ್ತಂಬರಿ ಸೊಪ್ಪು ಕುಟ್ಟಾಣಿಯಲ್ಲಿ ಜಜ್ಜುವುದು, ಮೇಲೆ ಆಲಿವ್ ಎಣ್ಣೆ, ಆಮೇಲೆ ಕುದಿಯುವ ನೀರು. ಅದಕ್ಕೆ ಒಣಗಿದ ರೊಟ್ಟಿ ಮುರಿದು ಹಾಕುವುದು. ನೀರು ಬಿದ್ದಾಗ ಏಳುವ ಘಮ ಇದೆಯಲ್ಲ, ಕಣ್ಣು ಮುಚ್ಚಿದರೆ ನಮ್ಮ ಸಾರಿನ ಒಗ್ಗರಣೆ ಮನೆಯೇ. ಹತ್ತು ದಿನದಿಂದ ಯುರೋಪಿನಲ್ಲಿ ಕೊತ್ತಂಬರಿ ಮುಖ ನೋಡದೆ ಇದ್ದ ನನಗೆ ಕಣ್ಣಲ್ಲಿ ನೀರು ಬಂತು. ಮೇಲೆ ಮೊಟ್ಟೆ ಒಡೆದು ಹಾಕುತ್ತಾರೆ, ಬೇಡ ಅನ್ನಿ. ಎಷ್ಟೋ ಕಡೆ ಒಣಮೀನು ಬೇಯಿಸಿದ ನೀರನ್ನೇ ಸುರಿಯುತ್ತಾರೆ, ಅದನ್ನೂ ಕೇಳಿಯೇ ತಿನ್ನಿ. "ಸೈಂ ಕಾರ್ನ್, ಸೈಂ ಪೈಶ್, ಸೈಂ ಓವುಶ್" ಅಂದರೆ ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ. ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಸಿಹಿ ಮರೆತುಬಿಡಿ. ಹಳೆ ಕಾನ್ವೆಂಟುಗಳ ಸನ್ಯಾಸಿನಿಯರ ಪಾಕವದು, ಎಲ್ಲದರಲ್ಲೂ ಮೊಟ್ಟೆಯ ಹಳದಿ. ತಿನ್ನುವವರಿಗೆ ಹೇಳುತ್ತೇನೆ, ಕೆಜಾದ ಅನ್ನುವ ಚೀಸಿನ ಪುಟ್ಟ ಬಟ್ಟಲು ಬಿಡಬೇಡಿ.

ಇನ್ನೊಂದು. ಕೂತ ಕೂಡಲೇ ರೊಟ್ಟಿ, ಆಲಿವ್ ಕಾಯಿ, ಚೀಸ್ ತಂದಿಡುತ್ತಾರೆ. ಬಾಳೆ ಎಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿಯ ಹಾಗೆ ಪುಕ್ಕಟೆ ಅಂದುಕೊಂಡು ನಾವು ಪೂರ್ತಿ ಖಾಲಿ ಮಾಡಿದೆವು. ಬಿಲ್ಲಿನಲ್ಲಿ ಒಂದೊಂದಕ್ಕೂ ಹಣ! ಮೋಸವಲ್ಲ, ಅಲ್ಲಿನ ಪದ್ಧತಿ. ಮುಟ್ಟದಿದ್ದರೆ ದುಡ್ಡಿಲ್ಲ.

ಪ್ರಶ್ನೆ: ಕಾರವಾರದಿಂದ ಎರಡು-ಮೂರು ಗಂಟೆಯಲ್ಲಿ ಹಳೆ ಗೋವಾ ಸಿಗುತ್ತದೆ. ಪೋರ್ಚುಗೀಸರ ಚರ್ಚು ನೋಡಲು ಅಷ್ಟು ದೂರ ಯಾಕೆ? (ಓದುಗರು, ಅಂಕೋಲಾ)

ಸರಿಯಾದ ಪ್ರಶ್ನೆ. ಮೊದಲು ಹಳೆ ಗೋವಾ ನೋಡಿ, ನೋಡದೆ ಎವೊರಾಕ್ಕೆ ಹೋಗಬೇಡಿ. ಆಗ ಎವೊರಾ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಎರಡೂ ಊರಿನ ದೊಡ್ಡ ಚರ್ಚಿಗೆ ಸೇ ಅಂತಲೇ ಹೆಸರು. ಗೋವಾದ್ದು 1562ರಲ್ಲಿ ಶುರುವಾಯಿತು, ಎವೊರಾದ್ದು 1186ರಲ್ಲೇ. ಅದು ಗ್ರಾನೈಟಿನ ಕೋಟೆಯ ಹಾಗಿದೆ, ಛಾವಣಿಯ ಮೇಲೆ ಹತ್ತಿ ಓಡಾಡಬಹುದು. ಒಳಗೆ ಬಸುರಿ ಮರಿಯಮ್ಮನ ಮೂರ್ತಿ ಇದೆ, ಹೊಟ್ಟೆಯ ಮೇಲೆ ಕೈ ಇಟ್ಟು ನಿಂತಿದ್ದಾಳೆ. ಹೆರಿಗೆ ಸುಸೂತ್ರ ಆಗಲಿ ಅಂತ ಹೆಂಗಸರು ಅವಳಿಗೆ ಕೈಮುಗಿಯುತ್ತಾರೆ. ನಾನೂ ಮಗಳ ಹೆಸರಿನಲ್ಲಿ ಒಂದು ಮೇಣದಬತ್ತಿ ಹಚ್ಚಿದೆ.

ಕಹಿ ನಂಟೂ ಇದೆ. ಪೋರ್ಚುಗಲ್‌ನ ಇನ್‌ಕ್ವಿಸಿಷನ್, ಅಂದರೆ ಧರ್ಮದ ಹೆಸರಿನ ವಿಚಾರಣೆ-ಶಿಕ್ಷೆ, 1536ರಲ್ಲಿ ಶುರುವಾದದ್ದು ಎವೊರಾದಲ್ಲಿ. 1560ರಲ್ಲಿ ಗೋವಾಕ್ಕೆ ಬಂತು. ಎವೊರಾದ ನಡು ಚೌಕ ಪ್ರಾಸ ದು ಜಿರಾಲ್ದುವಿನಲ್ಲಿ ಶಿಕ್ಷೆ ಓದಿ ಹೇಳುತ್ತಿದ್ದರು. ಈಗ ಅಲ್ಲೇ ಕುರ್ಚಿ ಹಾಕಿ ಕಾಫಿ ಕೊಡುತ್ತಾರೆ. ಕುಡಿದೆ. ಕಾಫಿ ಚೆನ್ನಾಗಿತ್ತು, ಆದರೆ ಗಂಟಲಲ್ಲಿ ಸಲೀಸಾಗಿ ಇಳಿಯಲಿಲ್ಲ.

ನಿಮ್ಮ ಅಂಕೋಲಾ ಪಕ್ಕದ ಸುದ್ದಿ ಒಂದು ಹೇಳಲೇಬೇಕು. ವಾಸ್ಕೊ ಡ ಗಾಮ ಎವೊರಾದಲ್ಲಿ ಕೆಲಕಾಲ ಮನೆ ಮಾಡಿಕೊಂಡಿದ್ದ. 1498ರಲ್ಲಿ ಊರಿಗೆ ಮರಳುವ ಮೊದಲು ಅವನ ಹಡಗುಗಳು ನಿಂತದ್ದು ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ.

ಪ್ರಶ್ನೆ: ಪೋರ್ಚುಗೀಸ್ ಬಾರದೆ ಹೇಗೆ ಸಂಭಾಳಿಸಿದಿರಿ? (ಓದುಗಿ, ಹುಬ್ಬಳ್ಳಿ)

ಅರ್ಧ ನಿಮಗೇ ಬರುತ್ತದೆ! ಕೋಣೆಯ ಮಾಲಕಿ "ಶಾವ್" ಅಂತ ಬೀಗದ ಕೈ ಕೊಟ್ಟಳು. "ಹೌದ್ರೀ, ಚಾವಿ" ಅಂದರು ನಮ್ಮವರು. ಇಬ್ಬರೂ ತಲೆಯಾಡಿಸಿದರು. ಹಣ ಕೊಡುವುದಕ್ಕೆ ಅಲ್ಲಿ ಪಗಾರ್ ಅನ್ನುತ್ತಾರೆ, ನಿಮ್ಮ ಕಡೆ ಸಂಬಳ ಪಗಾರ ಆದದ್ದು ಅಲ್ಲಿಂದಲೇ. ನಮ್ಮ ಕುಂದಾಪುರ ಕಡೆ ಚರ್ಚಿಗೆ ಇಗರ್ಜಿ ಅನ್ನುತ್ತೇವೆ, ಅಲ್ಲಿ ಪ್ರತಿ ಬೀದಿಯ ಫಲಕದಲ್ಲೂ ಇಗ್ರೆಜ. ಬಟಾಟೆ, ಪಾದ್ರಿ, ಮೇಸ್ತ್ರಿ ಎಲ್ಲ ಅವರದ್ದೇ. ಉಳಿದದ್ದಕ್ಕೆ ಕೈಸನ್ನೆ ಇದೆ.

ಪ್ರಶ್ನೆ: ಅಲ್ಲಿಂದ ತರುವಂಥದ್ದು ಏನು? ಊರ ಹೊರಗೆ ನೋಡುವುದು ಏನಾದರೂ ಇದೆಯಾ? (ಓದುಗರು, ಮಡಿಕೇರಿ)

ಎರಡಕ್ಕೂ ಒಂದೇ ದಾರಿ. ಊರಿಂದ ಪಶ್ಚಿಮಕ್ಕೆ ಹದಿನೈದು ಕಿಲೋಮೀಟರ್ ಆಸುಪಾಸು ಅಲ್ಮೆಂದ್ರೆಸ್ ಅಂತ ಒಂದು ಜಾಗ. ಇಳಿಜಾರಿನ ಮೇಲೆ 95 ಕಲ್ಲುಗಳು ನಿಂತಿವೆ. ಮೊದಲ ಕಲ್ಲುಗಳನ್ನು ನಿಲ್ಲಿಸಿ ಏಳು ಸಾವಿರ ವರ್ಷ ಆಗಿರಬಹುದು, ಇಂಗ್ಲೆಂಡಿನ ಸ್ಟೋನ್‌ಹೆಂಜ್‌ಗಿಂತ ಹಳೆಯವು. ಬಸ್ಸಿಲ್ಲ. ಟ್ಯಾಕ್ಸಿಗೆ ಹೋಗಿ, ಕಾಯಲು ಮೊದಲೇ ಮಾತಾಡಿಕೊಳ್ಳಿ. ಕೊನೆಗೆ ಮಣ್ಣಿನ ರಸ್ತೆ. ಕಲ್ಲುಗಳು ಮೊಟ್ಟೆಯಾಕಾರ, ಗುಂಪಾಗಿ ಹರಟೆಗೆ ನಿಂತ ಮುದುಕರ ಹಾಗೆ.

ದಾರಿಯುದ್ದಕ್ಕೂ ಕಾರ್ಕ್ ಮರಗಳು. ಎವೊರಾದ ಅಂಗಡಿಗಳಲ್ಲಿ ಅದರ ತೊಗಟೆಯಿಂದ ಮಾಡಿದ ಚೀಲ, ಪರ್ಸು, ಟೋಪಿ ಸಿಗುತ್ತವೆ. ಹಗುರ, ನೀರು ಹಿಡಿಯುವುದಿಲ್ಲ, ನಿಮ್ಮ ಕೊಡಗಿನ ಮಳೆಗೆ ಹೇಳಿ ಮಾಡಿಸಿದ್ದು. ಮರ ಕಡಿಯುವುದಿಲ್ಲ, ತೊಗಟೆ ಮಾತ್ರ ಸುಲಿಯುತ್ತಾರೆ, ಅದೂ ಒಂಬತ್ತು ವರ್ಷಕ್ಕೊಮ್ಮೆ. ಸುಲಿದ ಕಾಂಡ ಕೆಂಪು-ಕಂದು, ರೇಷ್ಮೆ ಸೀರೆಯ ಬಣ್ಣ. ಅದರ ಮೇಲೆ ಬಿಳಿ ಬಣ್ಣದಲ್ಲಿ ಒಂದು ಅಂಕಿ ಬರೆಯುತ್ತಾರೆ, ಸುಲಿದ ವರ್ಷದ ಕೊನೆಯ ಅಂಕಿ. ನಾವು ನಿಂತು ನೋಡಿದ ಮರದ ಮೇಲೆ 4 ಇತ್ತು, ಅಂದರೆ 2024. ನಮ್ಮವರು ಬೆರಳು ಮಡಚಿ ಲೆಕ್ಕ ಹಾಕಿದರು.

"2033ಕ್ಕೆ ಮತ್ತೆ ಸುಲೀತಾರ. ನೋಡಾಕ ಬರೂಣೇನು?"

"ಮೊಣಕಾಲನ್ನು ಕೇಳಿ ಹೇಳಿ" ಅಂದೆ.